ನಾಯಿ ತಳಿ ಸಂವರ್ಧನೆಯಲ್ಲಿ ಕರಾರು ಮತ್ತು ಕಾನೂನಿನ ಹೊಣೆಗಾರಿಕೆ: ಮುಧೋಳ ನಾಯಿ ಸಾಕಣೆದಾರರಿಗೆ ಮಾರ್ಗದರ್ಶಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಮುಧೋಳ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ನಾಯಿ ಸಾಕಣೆಯು ಸಣ್ಣ ರೈತರಿಗೂ ಭೂರಹಿತ ಕುಟುಂಬಗಳಿಗೂ ಪೂರಕ ಆದಾಯದ ಮೂಲವಾಗಿದೆ. ಘೋರ್ಪಡೆ ಅರಸುಮನೆತನದ ಆಶ್ರಯದಲ್ಲಿ ಹೆಸರು ಪಡೆದ ಮುಧೋಳ ತಳಿಯ ಚಿತ್ರವುಳ್ಳ ಅಂಚೆ ಚೀಟಿಯನ್ನು ಅಂಚೆ ಇಲಾಖೆಯು 2005ರಲ್ಲಿ ಹೊರತಂದಿತು. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ದೇಶೀಯ ನಾಯಿ ತಳಿಯಾಗಿ ನೋಂದಾಯಿಸಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಯ ಸಂರಕ್ಷಣೆಯಲ್ಲಿ ನಿರತವಾಗಿದೆ.

ತಳಿಗೆ ಬೇಡಿಕೆ ಹೆಚ್ಚಿದಂತೆ ವ್ಯವಹಾರವೂ ಊರಿನ ಎಲ್ಲೆಯನ್ನು ದಾಟಿದೆ. ಹಿಂದೆ ಮರಿಯನ್ನು ಕೊಡುವವರೂ ಕೊಳ್ಳುವವರೂ ಪರಸ್ಪರ ಪರಿಚಿತರಾಗಿದ್ದು, ತಕರಾರು ಬಂದರೆ ಊರ ಹಿರಿಯರ ಮುಂದೆ ಇತ್ಯರ್ಥವಾಗುತ್ತಿತ್ತು. ಇಂದು ಕೊಳ್ಳುವವರು ದೂರದ ನಗರದವರಾಗಿರಬಹುದು; ಮಾತುಕತೆಯು ದೂರವಾಣಿಯಲ್ಲೂ ಹಣ ಪಾವತಿಯು ಬ್ಯಾಂಕ್ ಖಾತೆಯ ಮೂಲಕವೂ ನಡೆಯುತ್ತದೆ. ಇಂತಹ ವ್ಯವಹಾರದಲ್ಲಿ ಬಾಯಿಮಾತು ಎಲ್ಲವೂ ಸರಿಯಾಗಿ ನಡೆದಾಗ ಸಾಲುತ್ತದೆ. ನಾಯಿ ಗಬ್ಬ ನಿಲ್ಲದಿದ್ದಾಗ, ಒಂದೇ ಮರಿ ಹುಟ್ಟಿದಾಗ, ಮಾರಿದ ವಾರದೊಳಗೆ ಮರಿ ಸತ್ತಾಗ ಅಥವಾ ತಾಯಿ ನಾಯಿಗೆ ವಯಸ್ಸಾದಾಗ ಏನು ಮಾಡಬೇಕೆಂಬುದನ್ನು ಬಾಯಿಮಾತು ಸಾಮಾನ್ಯವಾಗಿ ಹೇಳಿರುವುದಿಲ್ಲ. ಅದನ್ನು ಮೊದಲೇ ಬರೆದಿಟ್ಟುಕೊಳ್ಳುವುದೇ ಕರಾರು ಪತ್ರದ ಉದ್ದೇಶ.

ಈ ಲೇಖನದಲ್ಲಿ ಮೊದಲು ಯಾವ ಕರಾರಿನಿಂದಲೂ ಮೀರಲಾಗದ ನಿಯಮಗಳನ್ನು, ಬಳಿಕ ರೈತರು ಸಾಮಾನ್ಯವಾಗಿ ಮಾಡಿಕೊಳ್ಳುವ ಮೂರು ಬಗೆಯ ಒಪ್ಪಂದಗಳನ್ನು, ಕೊನೆಯಲ್ಲಿ ದಾಖಲೆ ಹಾಗೂ ವ್ಯಾಜ್ಯ ಪರಿಹಾರದ ಕ್ರಮವನ್ನು ವಿವರಿಸಲಾಗಿದೆ.

1. ಕರಾರಿನಿಂದ ಮೀರಲಾಗದ ನಿಯಮಗಳು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಅಡಿಯಲ್ಲಿ ಕೇಂದ್ರ ಸರ್ಕಾರವು 2017ರಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳನ್ನು ಜಾರಿಗೊಳಿಸಿದೆ. ಮಾರಾಟದ ಉದ್ದೇಶದಿಂದ ನಾಯಿಗಳ ತಳಿ ಸಂವರ್ಧನೆ ಮಾಡುವವರೆಲ್ಲರೂ ಈ ನಿಯಮಗಳ ವ್ಯಾಪ್ತಿಗೆ ಬರುತ್ತಾರೆ. ನೆನಪಿಡಬೇಕಾದ ಮುಖ್ಯ ಅಂಶಗಳು ಇಂತಿವೆ:

• ತಳಿ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ನೋಂದಣಿಯು 2 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ, ಬಳಿಕ ನವೀಕರಿಸಬೇಕು.
• ಗಂಡಾಗಲಿ ಹೆಣ್ಣಾಗಲಿ, 18 ತಿಂಗಳು ತುಂಬದ ನಾಯಿಯನ್ನು ತಳಿ ಸಂವರ್ಧನೆಗೆ ಬಳಸುವಂತಿಲ್ಲ.
• ಕೂಡಿಸುವುದಕ್ಕೆ ಕನಿಷ್ಠ 10 ದಿನ ಮೊದಲು ನಾಯಿಯು ಆರೋಗ್ಯವಾಗಿದೆಯೆಂದು ಪಶುವೈದ್ಯರಿಂದ ದೃಢೀಕರಣ ಪಡೆಯಬೇಕು.
• ಹೆಣ್ಣು ನಾಯಿಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಪಡೆಯುವಂತಿಲ್ಲ. ಜೀವಿತಾವಧಿಯಲ್ಲಿ 5 ಸೂಲು ಮುಗಿದ ಅಥವಾ 8 ವರ್ಷ ಮೀರಿದ ಹೆಣ್ಣು ನಾಯಿಯನ್ನು ಮತ್ತೆ ಕೂಡಿಸುವಂತಿಲ್ಲ.
• 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೋಚಿಪ್ ಅಳವಡಿಸಿರಬೇಕು. ವಯಸ್ಸಿಗೆ ತಕ್ಕ ಲಸಿಕೆ ಹಾಕಿಸಿರಬೇಕು.
• 6 ತಿಂಗಳು ಮೀರಿದ ನಾಯಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಮಾರುವಂತಿಲ್ಲ. ಕೊಳ್ಳುವವರು ಸ್ವತಃ ನೋಂದಾಯಿತ ತಳಿ ಸಂವರ್ಧಕರಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ ಉಂಟು.

ಉಭಯ ಪಕ್ಷದವರೂ ಒಪ್ಪಿ ಸಹಿ ಮಾಡಿದರೆ ಸಾಕು, ಏನನ್ನು ಬೇಕಾದರೂ ಬರೆಯಬಹುದೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಭಾರತೀಯ ಕರಾರು ಕಾಯ್ದೆ, 1872ರ 23ನೆಯ ಕಲಮಿನ ಪ್ರಕಾರ ಕಾನೂನು ನಿಷೇಧಿಸಿರುವ ಕಾರ್ಯಕ್ಕಾಗಿ ಮಾಡಿಕೊಂಡ ಒಪ್ಪಂದವು ಅಸಿಂಧು. ಉದಾಹರಣೆಗೆ, 12 ತಿಂಗಳ ಹೆಣ್ಣು ನಾಯಿಯನ್ನು ಕೂಡಿಸುವುದಾಗಿಯೋ 5 ವಾರದ ಮರಿಯನ್ನು ಒಪ್ಪಿಸುವುದಾಗಿಯೋ ಬರೆದುಕೊಟ್ಟ ಪತ್ರದ ಆಧಾರದ ಮೇಲೆ ನ್ಯಾಯಾಲಯದಲ್ಲಿ ಪರಿಹಾರ ದೊರೆಯುವುದಿಲ್ಲ. ನಿಯಮ ಉಲ್ಲಂಘಿಸಿದ ಹೊಣೆಯು ಮಾತ್ರ ಉಳಿಯುತ್ತದೆ. 1960ರ ಕಾಯ್ದೆಯಲ್ಲಿ ಹೇಳಿರುವ ದಂಡದ ಮೊತ್ತ ಚಿಕ್ಕದೆಂದು ನಿರ್ಲಕ್ಷಿಸಬಾರದು. ನೋಂದಣಿ ರದ್ದಾದರೆ ವೃತ್ತಿಯೇ ನಿಲ್ಲುತ್ತದೆ.

2. ಕರಾರು ಊರ್ಜಿತವಾಗಲು ಬೇಕಾದ ಅಂಶಗಳು

ಬಾಯಿಮಾತಿನ ಒಪ್ಪಂದವೂ ಕಾನೂನಿನಲ್ಲಿ ಒಪ್ಪಂದವೇ. ಆದರೆ ವ್ಯಾಜ್ಯ ಬಂದಾಗ ಅದನ್ನು ರುಜುವಾತುಪಡಿಸುವ ಭಾರವು ಒಪ್ಪಂದವಿತ್ತೆಂದು ಹೇಳುವವರ ಮೇಲೆ ಬೀಳುತ್ತದೆ. ಆದ್ದರಿಂದ ಲಿಖಿತ ಕರಾರೇ ಉತ್ತಮ. ಅದರಲ್ಲಿ ಕೆಳಗಿನ ಅಂಶಗಳಿರಲಿ:

• ಉಭಯ ಪಕ್ಷದವರ ಹೆಸರು, ತಂದೆ ಅಥವಾ ಪತಿಯ ಹೆಸರು, ವಿಳಾಸ. ಇಬ್ಬರೂ 18 ವರ್ಷ ತುಂಬಿದವರಾಗಿರಬೇಕು. ಅಪ್ರಾಪ್ತ ವಯಸ್ಕರು ಮಾಡಿಕೊಂಡ ಕರಾರಿಗೆ ಮಾನ್ಯತೆ ಇಲ್ಲ.
• ನಾಯಿಯ ಗುರುತು: ಮೈಕ್ರೋಚಿಪ್ ಸಂಖ್ಯೆ, ಲಿಂಗ, ಹುಟ್ಟಿದ ದಿನಾಂಕ, ಬಣ್ಣ, ಮೈಮೇಲಿನ ಗುರುತುಗಳು, ಎರಡೂ ಬದಿಯ ಛಾಯಾಚಿತ್ರ.
• ಕೊಡುವ ಹಣ ಅಥವಾ ಪಾಲು. ಪಾವತಿಯ ದಿನ ಮತ್ತು ವಿಧಾನ.
• ನಿರೀಕ್ಷೆಯಂತೆ ನಡೆಯದಿದ್ದಲ್ಲಿ ಅನುಸರಿಸಬೇಕಾದ ಕ್ರಮ.
• ದಿನಾಂಕ, ಸ್ಥಳ, ಉಭಯ ಪಕ್ಷದವರ ಹಾಗೂ ಇಬ್ಬರು ಸಾಕ್ಷಿದಾರರ ಸಹಿ.

ಓದು ಬರಹ ಬಾರದವರಿಗೆ ಕರಾರನ್ನು ಅವರ ಆಡುಮಾತಿನಲ್ಲಿ ಓದಿ ಹೇಳಿ, ಹಾಗೆ ಓದಿ ಹೇಳಲಾಯಿತೆಂಬುದನ್ನು ಪತ್ರದ ಕೊನೆಯಲ್ಲಿ ನಮೂದಿಸಬೇಕು. ಕರ್ನಾಟಕ ಸ್ಟಾಂಪು ಕಾಯ್ದೆ, 1957ರ ಪ್ರಕಾರ ಸಲ್ಲಬೇಕಾದ ಮೌಲ್ಯದ ಇ-ಸ್ಟಾಂಪ್ ಕಾಗದವನ್ನೇ ಬಳಸಿ. ಶುಲ್ಕ ಕಡಿಮೆಯಾದರೆ ಬಾಕಿಯನ್ನೂ ದಂಡವನ್ನೂ ಕಟ್ಟುವವರೆಗೆ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಪತ್ರವನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿ ಒಬ್ಬೊಬ್ಬರು ಒಂದೊಂದನ್ನು ಇಟ್ಟುಕೊಳ್ಳತಕ್ಕದ್ದು.

ಕರಾರು ಮುರಿದರೆ ಇಂತಿಷ್ಟು ಹಣ ಕೊಡಬೇಕೆಂದು ಬರೆಯುವ ರೂಢಿ ಇದೆ. ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ ನ್ಯಾಯಾಲಯವು ಆ ಮೊತ್ತದ ಮಿತಿಯೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಆದ್ದರಿಂದ ಹೆದರಿಸಲೆಂದು ದೊಡ್ಡ ಮೊತ್ತ ಬರೆಯುವುದರಿಂದ ಪ್ರಯೋಜನವಿಲ್ಲ.

3. ಪಾಲಿಗೆ ಕೊಡುವ ಕರಾರು

ಕುರಿ, ಮೇಕೆ, ಆಕಳುಗಳನ್ನು ಪಾಲಿಗೆ ಕೊಡುವುದು ನಮ್ಮ ಗ್ರಾಮಗಳಲ್ಲಿ ಹಳೆಯ ಪದ್ಧತಿ. ಹೆಣ್ಣು ನಾಯಿಗಳನ್ನೂ ಇದೇ ರೀತಿ ಕೊಡಬಹುದು: ಒಡೆತನ ಒಬ್ಬರದು, ಸಾಕುವವರು ಮತ್ತೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಬಂಡವಾಳವಿಲ್ಲದ ಕುಟುಂಬಕ್ಕೆ ಇದು ಅನುಕೂಲಕರ ವ್ಯವಸ್ಥೆ. ಬರಹವಿಲ್ಲದಿದ್ದರೆ ಅತಿ ಹೆಚ್ಚು ನಷ್ಟ ತರುವ ವ್ಯವಸ್ಥೆಯೂ ಇದೇ.

ಒಂದು ಉದಾಹರಣೆಯನ್ನು ಗಮನಿಸಿ. ಒಡೆಯರೊಬ್ಬರು ಹೆಣ್ಣು ಮರಿಯೊಂದನ್ನು ಕೂಲಿ ಕೆಲಸ ಮಾಡುವ ಕುಟುಂಬಕ್ಕೆ ಪಾಲಿಗೆ ಕೊಡುತ್ತಾರೆ. 'ಮರಿಗಳಲ್ಲಿ ಅರ್ಧ ನಿಮಗೆ, ಅರ್ಧ ನಮಗೆ' ಎಂದು ಮಾತಾಗುತ್ತದೆ. ಆ ಕುಟುಂಬವು ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಹಾಲು, ಮೊಟ್ಟೆ, ಜೋಳದ ಅಂಬಲಿ ಹಾಕಿ ಸಾಕುತ್ತದೆ. ಲಸಿಕೆ ಹಾಗೂ ಔಷಧದ ಖರ್ಚನ್ನೂ ಭರಿಸುತ್ತದೆ. ನಾಯಿ 7 ಮರಿ ಹಾಕುತ್ತದೆ; 2 ಸಾಯುತ್ತವೆ, 5 ಉಳಿಯುತ್ತವೆ. ಐದನೆಯ ಮರಿ ಯಾರದು? ಮೊದಲು ಆರಿಸುವವರು ಯಾರು? ಔಷಧದ ಖರ್ಚನ್ನು ಪಾಲು ಮಾಡುವ ಮೊದಲು ಕಳೆಯಬೇಕೇ? ಇವು ಹೇಗೋ ಬಗೆಹರಿಯಬಹುದು. ಆದರೆ ಒಡೆಯರು, 'ನಾಯಿಯನ್ನು ನೋಡಿಕೊಳ್ಳಲು ಕೊಟ್ಟಿದ್ದೆ, ಪಾಲಿನ ಮಾತೇ ಆಗಿರಲಿಲ್ಲ' ಎಂದುಬಿಟ್ಟರೆ?

ಇಲ್ಲಿ ಕಾನೂನಿನ ಸ್ಥಿತಿಯನ್ನು ಸಾಕುವವರು ಸ್ಪಷ್ಟವಾಗಿ ತಿಳಿದಿರಬೇಕು. ಒಬ್ಬರ ಸ್ವತ್ತನ್ನು ಒಂದು ಉದ್ದೇಶಕ್ಕಾಗಿ ಮತ್ತೊಬ್ಬರ ವಶಕ್ಕೆ ಒಪ್ಪಿಸಿ ಬಳಿಕ ಮರಳಿ ಪಡೆಯುವ ವ್ಯವಹಾರವನ್ನು ಕರಾರು ಕಾಯ್ದೆಯು 148ನೆಯ ಕಲಮಿನಿಂದ ಮುಂದೆ ವಿವರಿಸುತ್ತದೆ. ಅದರ 163ನೆಯ ಕಲಮಿನ ಪ್ರಕಾರ, ಬೇರೆ ರೀತಿಯ ಒಪ್ಪಂದ ಇಲ್ಲದಿದ್ದಲ್ಲಿ, ಒಪ್ಪಿಸಿದ ಸ್ವತ್ತಿನಿಂದ ಉಂಟಾದ ವೃದ್ಧಿಯೆಲ್ಲವೂ ಒಡೆಯರಿಗೇ ಸೇರುತ್ತದೆ. ಕಾಯ್ದೆಯೇ ಕೊಟ್ಟಿರುವ ದೃಷ್ಟಾಂತ ಆಕಳಿನದು: ನೋಡಿಕೊಳ್ಳಲೆಂದು ಒಪ್ಪಿಸಿದ ಆಕಳು ಕರು ಹಾಕಿದರೆ, ಆಕಳಿನೊಡನೆ ಕರುವನ್ನೂ ಒಡೆಯರಿಗೆ ಒಪ್ಪಿಸಬೇಕು. ನಾಯಿಯ ಮರಿಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಅಂದರೆ ಪಾಲಿನ ಮಾತನ್ನು ರುಜುವಾತುಪಡಿಸಲಾಗದಿದ್ದರೆ ಸಾಕಿದ ಕುಟುಂಬಕ್ಕೆ ಒಂದು ಮರಿಯ ಹಕ್ಕೂ ಉಳಿಯುವುದಿಲ್ಲ. ಪ್ರತಿಫಲವಿಲ್ಲದೆ ನೋಡಿಕೊಂಡವರು ಮಾಡಿದ ಅಗತ್ಯ ಖರ್ಚನ್ನು ಒಡೆಯರು ಮರಳಿಸಬೇಕೆಂದು 158ನೆಯ ಕಲಂ ಹೇಳುತ್ತದಾದರೂ, ಖರ್ಚಿನ ಲೆಕ್ಕ ಇಟ್ಟಿದ್ದರೆ ಮಾತ್ರ ಅದು ನೆರವಿಗೆ ಬರುತ್ತದೆ.

ಒಡೆಯರಿಗೂ ಸಾಕುವವರಿಗೂ ಸಂಬಂಧಿಸಿದ ಇನ್ನಷ್ಟು ಕಲಮುಗಳು ಇಲ್ಲಿ ಉಪಯುಕ್ತ:

• 150ನೆಯ ಕಲಂ: ನಾಯಿಗೆ ಕಚ್ಚುವ ಸ್ವಭಾವ ಅಥವಾ ರೋಗವಿದ್ದುದು ಒಡೆಯರಿಗೆ ತಿಳಿದಿದ್ದರೆ ಒಪ್ಪಿಸುವಾಗಲೇ ಹೇಳಬೇಕು. ಹೇಳದಿದ್ದರೆ ಅದರಿಂದಾದ ಹಾನಿಗೆ ಅವರೇ ಹೊಣೆ.
• 151 ಮತ್ತು 152ನೆಯ ಕಲಂ: ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತ ನಾಯಿಯನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಸಾಕಬೇಕು. ಅಷ್ಟು ಎಚ್ಚರ ವಹಿಸಿಯೂ ನಾಯಿ ಸತ್ತರೆ, ವಿಶೇಷ ಒಪ್ಪಂದ ಇಲ್ಲದಿದ್ದಲ್ಲಿ, ಸಾಕುವವರು ಹೊಣೆಯಾಗುವುದಿಲ್ಲ. ಲಸಿಕೆ ಪುಸ್ತಕವೂ ಚಿಕಿತ್ಸೆಯ ಚೀಟಿಗಳೂ ಈ ಎಚ್ಚರಕ್ಕೆ ಸಾಕ್ಷ್ಯ.
• 154ನೆಯ ಕಲಂ: ಒಪ್ಪಿಗೆಯಿಲ್ಲದ ಕೆಲಸಕ್ಕೆ ನಾಯಿಯನ್ನು ಬಳಸಿ ಹಾನಿಯಾದರೆ ಪರಿಹಾರ ಕೊಡಬೇಕಾಗುತ್ತದೆ.

ಪಾಲಿನ ಕರಾರಿನಲ್ಲಿ ಹೆಚ್ಚಿನವರು ಮರೆಯುವ ಅಂಶವೊಂದಿದೆ. 5 ಸೂಲು ಮುಗಿದ ಅಥವಾ 8 ವರ್ಷ ಮೀರಿದ ನಾಯಿಯಿಂದ ಆದಾಯ ಬರುವುದಿಲ್ಲ; ಆದರೆ ಅದು ಇನ್ನೂ ಕೆಲವು ವರ್ಷ ಬದುಕುತ್ತದೆ. ಆಗ ಒಡೆಯರು 'ಸಾಕಿದವರೇ ಇಟ್ಟುಕೊಳ್ಳಲಿ' ಎಂದೂ ಸಾಕಿದವರು 'ಒಡೆಯರೇ ಒಯ್ಯಲಿ' ಎಂದೂ ಕೈಬಿಟ್ಟರೆ ನಾಯಿ ಬೀದಿಪಾಲಾಗುತ್ತದೆ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬಿಟ್ಟುಬಿಡುವುದು 1960ರ ಕಾಯ್ದೆಯ 11ನೆಯ ಕಲಮಿನ ಅಡಿಯಲ್ಲಿ ಅಪರಾಧ. ಆದ್ದರಿಂದ ಮುದಿ ನಾಯಿ ಯಾರ ಮನೆಯಲ್ಲಿರಬೇಕು, ಖರ್ಚು ಯಾರದು ಎಂಬುದನ್ನು ಮೊದಲ ದಿನವೇ ಬರೆಯಬೇಕು.

4. ಗಂಡು ನಾಯಿಯನ್ನು ಕೂಡಿಸುವ ಕರಾರು

ಹೆಣ್ಣು ನಾಯಿ ಸಾಮಾನ್ಯವಾಗಿ 6ರಿಂದ 7 ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗರ್ಭಾವಧಿ ಸುಮಾರು 63 ದಿನಗಳು. ಬೆದೆ ಕಾಣಿಸಿಕೊಂಡ ಮೇಲೆ ಕರಾರಿನ ಮಾತು ತೆಗೆದರೆ ಇಬ್ಬರಿಗೂ ಅವಸರ. ಆದ್ದರಿಂದ ಬೆದೆಗೆ ಮುನ್ನವೇ ಕರಾರನ್ನು ಮುಗಿಸಿಕೊಳ್ಳಿ. ಅದರಲ್ಲಿ ಈ ಕೆಳಗಿನವು ಸ್ಪಷ್ಟವಾಗಿರಲಿ:

ಪ್ರತಿಫಲ: ನಗದು ಕೊಡುವುದಾದರೆ ಕೂಡಿಸಿದ ದಿನವೇ ಕೊಡಬೇಕೋ, ಗಬ್ಬ ದೃಢಪಟ್ಟ ಮೇಲೋ ಎಂಬುದನ್ನು ಬರೆಯಿರಿ. ಮರಿಯ ರೂಪದಲ್ಲಾದರೆ ಎಷ್ಟನೆಯ ಆಯ್ಕೆ, ಗಂಡೋ ಹೆಣ್ಣೋ, ಯಾವ ವಯಸ್ಸಿನಲ್ಲಿ ಎಂಬುದನ್ನು ನಮೂದಿಸಿ. ಮರಿಯನ್ನು 8 ವಾರ ತುಂಬಿದ ಬಳಿಕವೇ ಒಪ್ಪಿಸಿ. ಒಂದೇ ಮರಿ ಉಳಿದರೆ ಅದು ಯಾರದು, ಬದಲಿಗೆ ಹಣ ಕೊಡಬೇಕೇ ಎಂಬುದನ್ನೂ ಸೇರಿಸಿ.

ಗಬ್ಬ ನಿಲ್ಲದಿದ್ದರೆ: ಮುಂದಿನ ಬೆದೆಯಲ್ಲಿ ಶುಲ್ಕವಿಲ್ಲದೆ ಮತ್ತೊಮ್ಮೆ ಕೂಡಿಸುವುದೋ, ಹಣ ಮರಳಿಸುವುದೋ ಎಂಬುದನ್ನು ಬರೆಯಿರಿ. ಅಷ್ಟರಲ್ಲಿ ಗಂಡು ನಾಯಿ ಸತ್ತರೆ ಅಥವಾ ಮಾರಾಟವಾದರೆ ಏನೆಂಬುದೂ ಇರಲಿ.

ರೋಗ ಪರೀಕ್ಷೆ: ಜನನಾಂಗದ ಸಾಂಕ್ರಾಮಿಕ ಗಡ್ಡೆ ರೋಗವು ಕೂಡುವಿಕೆಯಿಂದ ಒಂದು ನಾಯಿಯಿಂದ ಮತ್ತೊಂದಕ್ಕೆ ಹರಡುತ್ತದೆ. ಬ್ರುಸೆಲ್ಲಾ ಸೋಂಕಿನಿಂದ ಗರ್ಭಪಾತವೂ ಬಂಜೆತನವೂ ಉಂಟಾಗುತ್ತವೆ. ಎರಡೂ ನಾಯಿಗಳ ತಪಾಸಣೆಯ ಪತ್ರವನ್ನು ಕರಾರಿಗೆ ಲಗತ್ತಿಸಿ.

ತಂದೆ ಯಾರೆಂಬ ಪ್ರಶ್ನೆ: ಒಂದೇ ಬೆದೆಯಲ್ಲಿ ಎರಡು ಗಂಡು ನಾಯಿಗಳು ಕೂಡಿದರೆ ಒಂದೇ ಸೂಲಿನಲ್ಲಿ ಬೇರೆ ಬೇರೆ ತಂದೆಯ ಮರಿಗಳು ಹುಟ್ಟಬಹುದು. ಆದ್ದರಿಂದ ಬೆದೆ ಪೂರ್ಣ ಮುಗಿಯುವವರೆಗೆ ಹೆಣ್ಣು ನಾಯಿಯನ್ನು ಬೇರೆ ಗಂಡು ನಾಯಿಗಳಿಂದ ದೂರವಿಡುವ ಹೊಣೆ ಯಾರದೆಂದು ಬರೆಯಬೇಕು. ಸಂಶಯ ಬಂದರೆ ಡಿಎನ್‌ಎ ಪರೀಕ್ಷೆಯ ಖರ್ಚನ್ನು ಯಾರು ಭರಿಸಬೇಕೆಂಬುದೂ ಇರಲಿ. ತಾಯಿ-ಮಗ, ತಂದೆ-ಮಗಳು, ಒಡಹುಟ್ಟಿದ ನಾಯಿಗಳನ್ನು ಕೂಡಿಸಬೇಡಿ. ಚಿಕ್ಕ ಪ್ರದೇಶದ ತಳಿಯಲ್ಲಿ ಒಳಸಂಬಂಧ ಹೆಚ್ಚಿದಂತೆ ಹುಟ್ಟು ದೋಷಗಳೂ ಮರಿಗಳ ಸಾವೂ ಹೆಚ್ಚುತ್ತವೆ.

5. ಮರಿ ಮಾರಾಟದ ಕರಾರು

ಕಾನೂನಿನ ದೃಷ್ಟಿಯಲ್ಲಿ ಸಾಕುನಾಯಿ ಚರ ಸ್ವತ್ತು. ಅದರ ಮಾರಾಟಕ್ಕೆ ಸರಕು ಮಾರಾಟ ಕಾಯ್ದೆ, 1930 ಅನ್ವಯಿಸುತ್ತದೆ. ಇನ್ನೂ ಹುಟ್ಟದ ಮರಿಗೆ ಮುಂಗಡ ಪಡೆದರೆ ಅದು ಮಾರಾಟವಲ್ಲ, ಮುಂದೆ ಮಾರುವ ಒಪ್ಪಂದ ಮಾತ್ರ. ಮುಂಗಡ ಪಡೆಯುವಾಗಲೇ ರಸೀದಿ ಕೊಡಿ. ಮರಿ ಹುಟ್ಟದಿದ್ದರೆ ಅಥವಾ ಕೇಳಿದ ಲಿಂಗದ, ಬಣ್ಣದ ಮರಿ ದೊರೆಯದಿದ್ದರೆ ಹಣ ಮರಳಿಸುವ ಗಡುವನ್ನು ಅದರಲ್ಲೇ ಬರೆಯಿರಿ. ಕೊಳ್ಳುವವರೇ ಹಿಂದೆ ಸರಿದರೆ ಮುಂಗಡದಲ್ಲಿ ಎಷ್ಟನ್ನು ಉಳಿಸಿಕೊಳ್ಳಲಾಗುವುದೆಂಬುದೂ ಸ್ಪಷ್ಟವಾಗಿರಲಿ.

ಸಾಮಾನ್ಯವಾಗಿ ಒಡೆತನ ಯಾರಿಗೆ ವರ್ಗವಾಯಿತೋ ನಷ್ಟದ ಹೊಣೆಯೂ ಅವರಿಗೇ ವರ್ಗವಾಗುತ್ತದೆ. ಪೂರ್ಣ ಹಣ ಕೊಟ್ಟು, 'ಮುಂದಿನ ವಾರ ಒಯ್ಯುತ್ತೇವೆ' ಎಂದು ಬಿಟ್ಟುಹೋದ ಮರಿ ಅಷ್ಟರಲ್ಲಿ ಸತ್ತರೆ ತಕರಾರು ಖಚಿತ. ಆದ್ದರಿಂದ ಒಡೆತನವು ಮರಿಯನ್ನು ಕೈಗೆ ಒಪ್ಪಿಸಿದ ದಿನದಿಂದ ವರ್ಗವಾಗುತ್ತದೆಯೋ, ಹಣ ಪಾವತಿಯಾದ ದಿನದಿಂದಲೋ ಎಂಬುದನ್ನು ಬರೆಯಬೇಕು. ಮರಿಯನ್ನು ವಾಹನದಲ್ಲಿ ಅಥವಾ ರೈಲಿನಲ್ಲಿ ಕಳುಹಿಸುವುದಾದರೆ ಪ್ರಾಣಿಗಳ ಸಾಗಾಣಿಕೆ ನಿಯಮಗಳು, 1978ರಂತೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು. ದಾರಿಯಲ್ಲಿ ಆಗಬಹುದಾದ ನಷ್ಟ ಯಾರದೆಂಬುದನ್ನೂ ಕರಾರಿನಲ್ಲಿ ಸೇರಿಸಿ.

ಆರೋಗ್ಯದ ಭರವಸೆ: ಪಾರ್ವೊ ಸೋಂಕು ತಗುಲಿದ ಬಳಿಕ ರೋಗಲಕ್ಷಣ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ 14 ದಿನಗಳವರೆಗೆ ಹಿಡಿಯುತ್ತದೆ. 2 ದಿನದ ಭರವಸೆಯಿಂದ ಕೊಳ್ಳುವವರಿಗೆ ರಕ್ಷಣೆಯಿಲ್ಲ. 6 ತಿಂಗಳ ಭರವಸೆಯಿಂದ ಮಾರುವವರಿಗೆ ನ್ಯಾಯವಿಲ್ಲ. ಕೊಂಡ 3 ದಿನದೊಳಗೆ ಪಶುವೈದ್ಯರಲ್ಲಿ ತಪಾಸಣೆ ಮಾಡಿಸತಕ್ಕದ್ದೆಂದೂ, ಸಾಂಕ್ರಾಮಿಕ ರೋಗಕ್ಕೆ 14 ದಿನಗಳ ಭರವಸೆಯೆಂದೂ, ಹುಟ್ಟು ದೋಷಗಳಿಗೆ ಬೇರೆ ಅವಧಿಯೆಂದೂ ವಿಂಗಡಿಸಿ ಬರೆಯುವುದು ಸಮಂಜಸ. ಪರಿಹಾರವು ಬದಲಿ ಮರಿಯೋ, ಹಣವೋ, ಚಿಕಿತ್ಸಾ ವೆಚ್ಚವೋ ಎಂಬುದನ್ನೂ ನಿರ್ಧರಿಸಿ.

ತಳಿಯ ಭರವಸೆ: 'ಶುದ್ಧ ಮುಧೋಳ' ಎಂದು ವರ್ಣಿಸಿ ಮಾರಿದರೆ ಮರಿಯು ಆ ವರ್ಣನೆಗೆ ಹೊಂದಿರಲೇಬೇಕೆಂಬುದು 1930ರ ಕಾಯ್ದೆಯ 15ನೆಯ ಕಲಮಿನ ಷರತ್ತು. ವಂಶಾವಳಿ ಪತ್ರ ಇಲ್ಲದಿದ್ದರೆ 'ಪತ್ರವಿಲ್ಲದ ಮರಿ' ಎಂದು ಪ್ರಾಮಾಣಿಕವಾಗಿ ಬರೆಯಿರಿ. ಕೊಳ್ಳುವವರು ಕಾವಲಿಗೆ, ಓಟಕ್ಕೆ ಅಥವಾ ತಳಿ ಸಂವರ್ಧನೆಗೆಂದು ಉದ್ದೇಶವನ್ನು ತಿಳಿಸಿ ನಿಮ್ಮ ಅನುಭವವನ್ನು ನಂಬಿ ಕೊಂಡರೆ, ಮರಿಯು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಹೊಣೆ 16ನೆಯ ಕಲಮಿನಿಂದ ನಿಮ್ಮ ಮೇಲೆ ಬರುತ್ತದೆ. ಆದ್ದರಿಂದ ಖಚಿತವಿಲ್ಲದ ಭರವಸೆಯನ್ನು ಕೊಡಬೇಡಿ.

6. ನಿತ್ಯದ ಹೊಣೆಗಾರಿಕೆಗಳು

ಕರಾರು ಇಬ್ಬರು ಮನುಷ್ಯರ ನಡುವಿನದು. ನಾಯಿಯ ಪರವಾಗಿ ಮಾತನಾಡುವುದು ಕಾಯ್ದೆ. 1960ರ ಕಾಯ್ದೆಯ 3ನೆಯ ಕಲಮಿನ ಪ್ರಕಾರ ಪ್ರಾಣಿ ಯಾರ ವಶದಲ್ಲಿದೆಯೋ ಅವರೇ ಅದರ ಯೋಗಕ್ಷೇಮಕ್ಕೆ ಹೊಣೆ. ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದೂ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದೂ 11ನೆಯ ಕಲಮಿನಂತೆ ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ಓಡಾಡಿಸದಿರುವುದನ್ನೂ ಅದೇ ಕಲಂ ಅಪರಾಧವೆಂದು ಹೇಳುತ್ತದೆ. ಓಡುವುದಕ್ಕೆಂದೇ ಮೈಕಟ್ಟು ಪಡೆದ ಮುಧೋಳ ನಾಯಿಯ ವಿಷಯದಲ್ಲಿ ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಮೊಲ ಮೊದಲಾದ ಕಾಡುಪ್ರಾಣಿಗಳ ಬೇಟೆಗೆ ನಾಯಿಯನ್ನು ಬಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ಅಪರಾಧ. 'ಬೇಟೆ ತೋರಿಸಿ ಮಾರುತ್ತೇವೆ' ಎಂಬ ಒಪ್ಪಂದಕ್ಕೂ ಮಾನ್ಯತೆ ಇಲ್ಲ.

ನಾಯಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳುವಲ್ಲಿ ಅಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆ, 2023ರ 291ನೆಯ ಕಲಮಿನಂತೆ 6 ತಿಂಗಳವರೆಗೆ ಕಾರಾವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮರಿಗೆ 3 ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಬಳಿಕ ಪಶುವೈದ್ಯರ ಸಲಹೆಯಂತೆ ತಪ್ಪದೆ ಮುಂದುವರಿಸಿ. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನೊಬ್ಬರು ನಿಮ್ಮ ನಾಯಿಗೆ ವಿಷ ಹಾಕಿದರೆ ಅಥವಾ ಅಂಗಹೀನಗೊಳಿಸಿದರೆ ಅದು ಇದೇ ಸಂಹಿತೆಯ 325ನೆಯ ಕಲಮಿನಂತೆ ಅಪರಾಧ. ಠಾಣೆಯಲ್ಲಿ ದೂರು ಕೊಡಿ.

7. ಇಡಬೇಕಾದ ದಾಖಲೆಗಳು

ಒಂದು ದಪ್ಪ ವಹಿಯಲ್ಲಿ ಪ್ರತಿ ನಾಯಿಗೂ ಪ್ರತ್ಯೇಕ ಪುಟ ತೆರೆಯಿರಿ. ಬೆದೆಯ ದಿನಾಂಕ, ಕೂಡಿಸಿದ ದಿನಾಂಕ, ಮರಿ ಹಾಕಿದ ದಿನಾಂಕ, ಹುಟ್ಟಿದ ಹಾಗೂ ಸತ್ತ ಮರಿಗಳ ಸಂಖ್ಯೆ, ಜಂತುನಾಶಕ ಮತ್ತು ಲಸಿಕೆಯ ವಿವರ, ಕೊಂಡವರ ಹೆಸರು ಹಾಗೂ ವಿಳಾಸ, ಪಡೆದ ಹಣ, ಮಾಡಿದ ಖರ್ಚು ಇವುಗಳನ್ನು ಆಯಾ ದಿನವೇ ಬರೆಯಿರಿ. ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಹಣ ವರ್ಗಾವಣೆಯ ವಿವರಗಳನ್ನೂ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕಾರ ಅವನ್ನೂ ನಿಗದಿತ ಪ್ರಮಾಣಪತ್ರದೊಡನೆ ಸಾಕ್ಷ್ಯವಾಗಿ ಹಾಜರುಪಡಿಸಬಹುದು.

8. ವ್ಯಾಜ್ಯ ಬಂದಾಗ

ಮೊದಲು ಲಿಖಿತವಾಗಿ ನಿಮ್ಮ ಆಕ್ಷೇಪವನ್ನು ತಿಳಿಸಿ ಉತ್ತರಕ್ಕೆ ಗಡುವು ಕೊಡಿ. ಮರಿ ಸತ್ತಿದ್ದರೆ ಶವಪರೀಕ್ಷೆ ಮಾಡಿಸಿ ವರದಿ ಪಡೆಯಿರಿ. ಹೂಳಿದ ಬಳಿಕ ಕಾರಣವನ್ನು ತೋರಿಸುವುದು ಕಷ್ಟ. ಕರಾರು ಭಂಗಕ್ಕೆ ಪರಿಹಾರ ಕೋರಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇದೆ.

ಸ್ವಂತಕ್ಕೆ ಮರಿಯನ್ನು ಕೊಂಡವರು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬಹುದು. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ನೀಡಿದೆ. ಅಂದರೆ ಬೆಂಗಳೂರಿನವರಿಗೆ ಮಾರಿದ ಮರಿಯ ತಕರಾರಿಗೆ ಮುಧೋಳದ ರೈತರು ಬೆಂಗಳೂರಿನ ಆಯೋಗದ ಮುಂದೆ ಉತ್ತರಿಸಬೇಕಾಗಬಹುದು. ಸರಿಯಾಗಿ ಬರೆದ ಕರಾರು ಇಂತಹ ಅಲೆದಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿಯ ತೀರ್ಪೇ ಅಂತಿಮ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಹಾಯವಾಣಿ ಸಂಖ್ಯೆ 15100.

9. ಪಾಲಿನ ಕರಾರಿನ ಮಾದರಿ

ಕೆಳಗಿನ ಮಾದರಿಯನ್ನು ನಿಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಿ. ಸಹಿ ಮಾಡುವ ಮೊದಲು ವಕೀಲರಿಗೆ ಅಥವಾ ಕಾನೂನು ಸೇವಾ ಸಮಿತಿಯವರಿಗೆ ತೋರಿಸುವುದು ಒಳಿತು.

'_____ ಗ್ರಾಮದ _____ (ಮುಂದೆ ಒಡೆಯರು) ಹಾಗೂ _____ ಗ್ರಾಮದ _____ (ಮುಂದೆ ಸಾಕುವವರು) ಇವರು ಈ ದಿನ _____ರಂದು ಮಾಡಿಕೊಂಡ ಕರಾರು.

(1) ಮೈಕ್ರೋಚಿಪ್ ಸಂಖ್ಯೆ _____ ಉಳ್ಳ, _____ರಂದು ಹುಟ್ಟಿದ ಹೆಣ್ಣು ನಾಯಿಯನ್ನು ಒಡೆಯರು ಸಾಕುವವರಿಗೆ ಪಾಲಿಗೆ ಒಪ್ಪಿಸಿದ್ದಾರೆ. ನಾಯಿಯ ಒಡೆತನ ಒಡೆಯರದು.
(2) ಆಹಾರ ಮತ್ತು ಆರೈಕೆ ಸಾಕುವವರದು. ಲಸಿಕೆ, ಔಷಧ, ಪ್ರಸವದ ಖರ್ಚನ್ನು _____ ಭರಿಸತಕ್ಕದ್ದು.
(3) ಕಾನೂನಿನ ವಯೋಮಿತಿ ಹಾಗೂ ಸೂಲಿನ ಮಿತಿಯೊಳಗೆ, ಇಬ್ಬರೂ ಒಪ್ಪಿದ ಗಂಡು ನಾಯಿಯೊಡನೆ ಮಾತ್ರ ಕೂಡಿಸತಕ್ಕದ್ದು. ತಳಿ ಸಂವರ್ಧನೆಯ ನೋಂದಣಿ ಪಡೆಯುವ ಹೊಣೆ _____ರದು.
(4) 8 ವಾರ ತುಂಬಿದಾಗ ಜೀವಂತವಿರುವ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ಮೊದಲ ಸೂಲಿನಲ್ಲಿ ಮೊದಲ ಆಯ್ಕೆ ಸಾಕುವವರದು, ನಂತರ ಸರದಿಯಂತೆ. ಬೆಸ ಸಂಖ್ಯೆಯ ಮರಿಯನ್ನು ಮಾರಿ ಹಣವನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು.
(5) ನಾಯಿಗೆ ರೋಗ ಕಂಡರೆ ಸಾಕುವವರು 24 ಗಂಟೆಯೊಳಗೆ ಒಡೆಯರಿಗೆ ತಿಳಿಸತಕ್ಕದ್ದು. ತಕ್ಕ ಎಚ್ಚರ ವಹಿಸಿಯೂ ನಾಯಿ ಸತ್ತರೆ ಸಾಕುವವರು ಹೊಣೆಯಲ್ಲ.
(6) ಕರಾರಿನ ಅವಧಿ _____. ಒಡೆಯರು ಅವಧಿಗೆ ಮೊದಲೇ ನಾಯಿಯನ್ನು ಮರಳಿ ಪಡೆದರೆ ಸಾಕಿದ ಖರ್ಚಿಗೆಂದು ತಿಂಗಳಿಗೆ _____ ರೂಪಾಯಿ ಕೊಡತಕ್ಕದ್ದು.
(7) ತಳಿ ಸಂವರ್ಧನೆ ಮುಗಿದ ಬಳಿಕ ನಾಯಿಯು _____ರ ಮನೆಯಲ್ಲಿ ಇರತಕ್ಕದ್ದು; ಖರ್ಚು _____ರದು.
ಉಭಯ ಪಕ್ಷದವರ ಸಹಿ. ಸಾಕ್ಷಿದಾರರು: 1. _____ 2. _____'

10. ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ಗ್ರಾಮ ಸಭೆ, ರೈತರ ತರಬೇತಿ ಹಾಗೂ ಲಸಿಕಾ ಶಿಬಿರಗಳಲ್ಲಿ ನೋಂದಣಿಯ ವಿಧಾನವನ್ನು ವಿವರಿಸಿ. ಅರ್ಜಿ ತುಂಬಲು ನೆರವಾಗಿ.
• ಪಾಲಿಗೆ ನಾಯಿ ಸಾಕುತ್ತಿರುವ ಕುಟುಂಬಗಳನ್ನು ಗುರುತಿಸಿ. ನಾಯಿ ಗಬ್ಬವಾಗುವ ಮೊದಲೇ ಕರಾರು ಬರೆಯಿಸಿಕೊಳ್ಳುವಂತೆ ಇಬ್ಬರಿಗೂ ತಿಳಿಹೇಳಿ. ಮರಿಗಳು ಹುಟ್ಟಿದ ಮೇಲೆ ಪ್ರತಿಯೊಂದಕ್ಕೂ ಬೆಲೆ ಕಟ್ಟಿರುತ್ತದೆ, ಒಮ್ಮತ ಕಷ್ಟ.
• ನಾಯಿಯನ್ನು ಸಾಕುವವರು ಮಹಿಳೆಯಾಗಿದ್ದಲ್ಲಿ ಕರಾರಿನಲ್ಲಿ ಅವರ ಹೆಸರೇ ಇರುವಂತೆ ನೋಡಿಕೊಳ್ಳಿ.
• ಕರಾರಿಗೆ ನೀವೇ ಸಾಕ್ಷಿದಾರರಾಗಬೇಡಿ. ಮುಂದೆ ವ್ಯಾಜ್ಯವಾದರೆ ಇಬ್ಬರಿಗೂ ಸಲಹೆ ಕೊಡುವ ಅವಕಾಶ ನಿಮಗೆ ಉಳಿಯುವುದಿಲ್ಲ.

ಈಗಾಗಲೇ ಬಾಯಿಮಾತಿನ ಮೇಲೆ ಪಾಲಿಗೆ ನಾಯಿ ಸಾಕುತ್ತಿರುವವರೂ ಇಂದೇ ಕರಾರು ಬರೆದುಕೊಳ್ಳಬಹುದು. ಆಗಿರುವ ಮಾತನ್ನೇ ಕಾಗದಕ್ಕೆ ಇಳಿಸಿ ಇಬ್ಬರೂ ಸಹಿ ಮಾಡಿದರೆ ಸಾಕು. ಬರಹ ಕೇಳುವುದು ಅಪನಂಬಿಕೆಯ ಗುರುತಲ್ಲ. ವರ್ಷಗಟ್ಟಲೆ ಕೂಡಿ ನಡೆಸಬೇಕಾದ ಕೆಲಸದಲ್ಲಿ ಇಬ್ಬರ ಸ್ನೇಹವನ್ನೂ ನಾಯಿಯ ಕ್ಷೇಮವನ್ನೂ ಕಾಯುವ ಬೇಲಿ ಅದು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ನೋಂದಣಿ ಹಾಗೂ ಶುಲ್ಕದ ಸದ್ಯದ ವಿವರಗಳನ್ನು ಸಮೀಪದ ಪಶು ಆಸ್ಪತ್ರೆಯಲ್ಲಿ ಅಥವಾ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ವಿಚಾರಿಸಿ ಮುಂದುವರಿಯಿರಿ.